ಅವನಿಗಿಂತ ಮೊದಲು ಮನೆ ಸೇರಬೇಕು

ಕಣ್ಣು ಮಂಜಾದ ಮೇಲೆ ನಮ್ಮತ್ತೆಗೆ ಹಗಲು ಕಳೆಯುವುದೇ ಕಷ್ಟವಾಯಿತು. ಅಂತರಸಂತೆಯ ಮನೆಯ ಜಗಲಿಯಲ್ಲಿ ಮಧ್ಯಾಹ್ನದ ಹೊತ್ತು ನಾನೇ ಪುಸ್ತಕ ಓದಿ ಹೇಳುತ್ತಿದ್ದೆ. ಆ ಸಲ ಕೈಗೆ ಸಿಕ್ಕಿದ್ದು ಹಳೆಯ ಸಾಹಸ ಕಾದಂಬರಿ. ಹಟಮಾರಿ ಗಂಡಸೊಬ್ಬ ಹಡಗು, ರೈಲು ಹತ್ತಿ ಭೂಮಿಯನ್ನೆಲ್ಲ ಸುತ್ತಿ ತನ್ನ ಮನೆಗೇ ವಾಪಸ್ ಬರಬೇಕು. ಬಿರುಗಾಳಿ, ಡಕಾಯಿತರು ಯಾವುದೂ ಅತ್ತೆಗೆ ಬೇಡ. ಅಧ್ಯಾಯ ಮುಗಿದಾಗಲೆಲ್ಲ ಒಂದೇ ಪ್ರಶ್ನೆ.

“ಅವ್ನ ಮನೆ ಇನ್ನೂ ಅಲ್ಲೇ ಐತಾ?”

“ಮನೆ ಎಲ್ಲಿಗೆ ಹೋಗುತ್ತೆ ಅತ್ತೆ? ಸುಮ್ನೆ ಕೇಳಿ!”

ಓದುವಾಗ ಬಾಯಿ ಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆಯ ತವರೂರು ಕಬಿನಿ ಹಿನ್ನೀರಿನಲ್ಲಿ ಮುಳುಗಿಹೋಗಿತ್ತು.

ಊರು ಖಾಲಿ ಮಾಡುವಾಗ ಸಾಮಾನು ಕಟ್ಟಲು ಹೊಸದಾಗಿ ಮದುವೆಯಾಗಿದ್ದ ಅತ್ತೆಯೂ ಹೋಗಿದ್ದರಂತೆ. ಲಾರಿಯ ಗಡಿಬಿಡಿಯಲ್ಲಿ ಅವರ ತಾಯಿ ಮಡಿಲಕ್ಕಿ ಕೊಡುವುದನ್ನು ಮರೆತರು. ತವರಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಬೆಲ್ಲ ಹಾಕಿಯೇ ಕಳಿಸಬೇಕು, ನಮ್ಮ ಕಡೆ ಅದನ್ನು ಯಾರೂ ಬಿಡುವುದಿಲ್ಲ. ಮುತ್ತೈದೆ ಸತ್ತರೂ ಕೊನೆಯ ಮಡಿಲು ತುಂಬುವವರು ತವರಿನವರೇ. ಆ ತಾಯಿ ಬೇಗನೇ ತೀರಿಕೊಂಡರು. ಒಡಹುಟ್ಟಿದವರು ಇರಲಿಲ್ಲ.

“ಬರೀ ಮಡ್ಲಲ್ಲಿ ಬಂದೋಳು ನಾನು. ಸತ್ರೂ ಅಂಗೇ ಓಗ್ಬೇಕಾ?” ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಯ ಅಧ್ಯಾಯವೊಂದೇ ಉಳಿದಾಗ ಅವರು ಪುಸ್ತಕದ ಮೇಲೆ ಕೈಯಿಟ್ಟರು. “ನಿಲ್ಸವ್ವ. ಅವ್ನು ಮನೆ ಸೇರೋಕ್ ಮುಂಚೆ ನಾನು ಸೇರ್ಬೇಕು.”

ಬೇಸಿಗೆ, ನೀರು ಇಳಿದಿತ್ತು. ಮಾವನಿಗೆ ಆಸ್ಪತ್ರೆಗೆಂದು ಸುಳ್ಳು ಹೇಳಿ ಆಟೋದಲ್ಲಿ ಹೊರಟೆವು. ನನ್ನ ಚೀಲದಲ್ಲಿ ಒಂದು ಸೇರು ಅಕ್ಕಿ, ಬೆಲ್ಲದ ಅಚ್ಚು.

ಹಿನ್ನೀರು ಬಿಟ್ಟುಹೋದ ನೆಲ ಬಿರುಕುಬಿಟ್ಟಿತ್ತು. ಅಲ್ಲಲ್ಲಿ ಕಪ್ಪಗಾದ ಮರದ ಬೊಡ್ಡೆ, ಮೊಣಕಾಲೆತ್ತರದ ಗೋಡೆ. ಅತ್ತೆ ನನ್ನ ಕೈ ಬಿಡಿಸಿಕೊಂಡು ಮುಂದೆ ನಡೆದರು. “ಬಾವಿ ಐತೆ, ಉಷಾರು,” ಎಂದರು. ಬಗ್ಗಿ ನೋಡಿದರೆ ನನ್ನ ಕಾಲ ಬುಡದಲ್ಲೇ ಹೂಳು ತುಂಬಿದ ಬಾವಿ! ಆ ಕಣ್ಣಿಗೆ ಮನೆಯಲ್ಲಿ ನೀರಿನ ಚೊಂಬೂ ಕಾಣುತ್ತಿರಲಿಲ್ಲ.

ಒಂದು ಹೊಸ್ತಿಲ ಕಲ್ಲಿಗೆ ನಮಸ್ಕರಿಸಿ, ಬಲಗಾಲಿಟ್ಟು ಒಳಗೆ ಹೋಗಿ ಕೂತು ಸೆರಗೊಡ್ಡಿದರು. ನಾನು ಅಕ್ಕಿ ತೆಗೆದೆ.

“ಒಳಗಿಕ್ಕು. ನೀನು ಗಂಡನ ಮನೆಯೋಳು. ನೀನ್ ಕೊಟ್ರೆ ತವ್ರು ಕೊಟ್ಟಂಗಾಯ್ತದಾ?”

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. “ಇಲ್ಲಿ ಕೊಡೋಕೆ ಯಾರಿದ್ದಾರೆ ಅತ್ತೆ? ಆನೆಗಳು ನೀರಿಗೆ ಬರೋ ಹೊತ್ತು, ಏಳಿ!”

“ತಡಿ ಕಣವ್ವ. ನಮ್ಮವ್ವ ಅಕ್ಕಿ ಕೇರ್ತಾವ್ಳೆ.”

ಆಗ ನನಗೂ ಕೇಳಿಸಿತು. ಮೊರದಲ್ಲಿ ಅಕ್ಕಿ ಕೇರುವ ಸದ್ದು, ಗೋಡೆಯಿಲ್ಲದ ಅಡುಗೆಮನೆಯ ಕಡೆಯಿಂದ. ಕೊಕ್ಕರೆ ರೆಕ್ಕೆ ಬಡಿಯುತ್ತಿರಬೇಕು ಎಂದುಕೊಂಡು ಸುತ್ತ ನೋಡಿದೆ. ಒಂದು ಹಕ್ಕಿಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಸದ್ದು ನಿಂತಿತು. ಅತ್ತೆ ಸೆರಗನ್ನು ಚೆಲ್ಲದ ಹಾಗೆ ಮಡಚಿ, ಗಂಟು ಹಾಕಿ ಎದ್ದರು.

“ಬತ್ತೀನಿ ಕಣವ್ವೋ,” ಎಂದರು. ನನಗಲ್ಲ.

ಮನೆಗೆ ಬಂದು ಕೈಕಾಲು ತೊಳೆದು, “ಈಗ ಓದು, ಅವ್ನೂ ಮನೆ ಸೇರ್ಲಿ,” ಎಂದರು. ಓದಿದೆ. ಅವನು ಮನೆ ಸೇರಿದ. ಪ್ರಶ್ನೆ ಬರುತ್ತದೆಂದು ಕಾದೆ, ಬರಲಿಲ್ಲ. ಗಂಟಿನ ಮೇಲೆ ಕೈಯಿಟ್ಟುಕೊಂಡು ಅತ್ತೆ ಮಲಗಿಬಿಟ್ಟಿದ್ದರು. ಬೆಳಗ್ಗೆ ಎಷ್ಟು ಕೂಗಿದರೂ ಏಳಲಿಲ್ಲ.

ಸ್ನಾನ ಮಾಡಿಸಲು ಬಂದ ಹೆಂಗಸರು, “ಮುತ್ತೈದೆ ಕಣ್ರೀ. ತವ್ರೋರಿಲ್ದೆ ಮಡ್ಲು ತುಂಬೋರ್ಯಾರು?” ಎನ್ನುತ್ತ ಸೆರಗಿನ ಗಂಟು ಬಿಚ್ಚಲು ಹೋದರು.

“ಮುಟ್ಬೇಡಿ!” ಎಂದು ಕಿರುಚಿದೆ. “ತವ್ರೋರು ಆಗ್ಲೇ ತುಂಬವ್ರೆ.”

ನಾನು ಒಯ್ದಿದ್ದ ಅಕ್ಕಿ, ಬೆಲ್ಲ ಗೂಟಕ್ಕೆ ನೇತುಹಾಕಿದ ಚೀಲದಲ್ಲೇ ಇತ್ತು. ಗಂಟಿನ ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದೆ. ಭಾರವಿತ್ತು.