ಪರದೆಯ ಹಿಂದಿನಿಂದ ಕಂಡ ರೋಮು

ಆಗ ನನಗೆ ಐವತ್ತೊಂಬತ್ತು. ಇದು ಹನ್ನೆರಡು ವರ್ಷದ ಹಿಂದಿನ ಮಾತು. ಆ ವಯಸ್ಸಿನವರೆಗೂ ರೋಮಿನ ಜನರೆಲ್ಲ ಎಡಚರು ಎಂದೇ ನಾನು ನಂಬಿದ್ದೆ. ಕತ್ತಿ ಹಿಡಿಯುವುದು ಎಡಗೈ, ಆಣೆ ಮಾಡುವುದು ಎಡಗೈ, ಕಡೆಗೆ ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಳ್ಳುವುದೂ ಎಡಗೈ. ಮಗಳು ವಿಮಲಾ ಚಿಕ್ಕವಳಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ "ರೋಮಿನವಳೇ" ಎಂದು ಬೈದು ಕೈ ಮೇಲೆ ಹೊಡೆದಿದ್ದೇನೆ. ಅವಳಿಗೆ ರೋಮು ಎಲ್ಲಿದೆಯೋ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಬೈಯುವುದಕ್ಕೆ ಊರು ಗೊತ್ತಿರಬೇಕು ಅಂತೇನಿಲ್ಲ.

ತಪ್ಪು ಪೂರ್ತಿ ನನ್ನದಲ್ಲ. ನಾನು ರೋಮನ್ನು ನೋಡಿದ್ದು ಬಟ್ಟೆಯ ಹಿಂದುಗಡೆಯಿಂದ. ನಮ್ಮಪ್ಪ ತುಮಕೂರು, ಚಿತ್ರದುರ್ಗದ ಕಡೆ ಸುತ್ತುವ ಒಂದು ಟೆಂಟ್ ಸಿನಿಮಾದಲ್ಲಿ ಕಥೆ ಹೇಳುವ ಕೆಲಸದಲ್ಲಿದ್ದ. ಅದು ಮೂಕಿ ಚಿತ್ರಗಳ ಕಾಲ. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಾರೆ, ಸದ್ದಿಲ್ಲ. ನಡುನಡುವೆ ಅಕ್ಷರ ಬರುತ್ತದೆ, ಓದುವವರಿಲ್ಲ. ಅಪ್ಪ ಕೋಲು ಹಿಡಿದು ಪಕ್ಕದಲ್ಲಿ ನಿಂತು ಕಥೆ ಕೂಗುತ್ತಿದ್ದ. ಹಿಂದೆ ನಾನು. ಕುದುರೆ ಬಂದರೆ ಎರಡು ಕರಟ ಹಲಗೆಗೆ ಬಡಿಯಬೇಕು, ಗುಡುಗಿಗೆ ತಗಡು ಅಲುಗಿಸಬೇಕು, ಮಳೆಗೆ ಮೊರದಲ್ಲಿ ರಾಗಿ ಆಡಿಸಬೇಕು. ಬಟ್ಟೆಗೆ ನೀರು ಎರಚಿರುತ್ತಿದ್ದುದರಿಂದ ಚಿತ್ರ ಹಿಂದಕ್ಕೂ ಕಾಣುತ್ತಿತ್ತು, ಆದರೆ ಕನ್ನಡಿಯೊಳಗಿನ ಹಾಗೆ ಬಲ ಎಡವಾಗಿ, ಎಡ ಬಲವಾಗಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಅಪ್ಪ ನನ್ನನ್ನು ಅಲ್ಲಿ ಕೂರಿಸಿದ. "ಓದಿದೋರು ಅಕ್ಷರ ನೋಡ್ತಾರೆ ಕಣೇ, ಚಿತ್ರ ನೋಡಲ್ಲ" ಅಂದ. ಇಂಗ್ಲಿಷು ಇಟಲಿಯದು ಹಾಗಿರಲಿ, ಅಪ್ಪನಿಗೆ ಕನ್ನಡವೂ ಕೂಡಿಸಿ ಕೂಡಿಸಿ ಓದಬೇಕಾಗಿತ್ತು.

ಇಟಲಿಯವರ ಚಿತ್ರಗಳೆಂದರೆ ನಮ್ಮ ಜನಕ್ಕೆ ಪ್ರಾಣ. ಎಲ್ಲರೂ ಪಂಚೆ ಹೊದ್ದಿರುತ್ತಿದ್ದರು, ಅದಕ್ಕೇ ನಮ್ಮವರೇ ಅನ್ನಿಸುತ್ತಿತ್ತೋ ಏನೋ. ಸಿಂಹ, ಆನೆ, ರಥ, ಬೆಂಕಿ ಬೀಳುವ ಊರು. ಮತ್ತೆ ಮೆಟ್ಟಿಲು! ಅಷ್ಟು ಮೆಟ್ಟಿಲು ಕಟ್ಟಿದ ಜನರನ್ನು ನಾನು ಬೇರೆಲ್ಲೂ ಕಾಣೆ. ರಾಜ ಇಳಿಯುವುದಕ್ಕೆ ಅರ್ಧ ರೀಲು. ಹೆಂಗಸರಿಗೆ ಮೂರ್ಛೆ ಹೋಗುವುದು ಬಿಟ್ಟು ಬೇರೆ ಕೆಲಸವಿಲ್ಲ. ಆ ಸಾವಿರ ಸೈನಿಕರಿಗೆ ಬೇಯಿಸಿ ಹಾಕಿದವರು ಯಾರು, ಆ ಬಿಳಿ ಪಂಚೆ ಒಗೆದವರು ಯಾರು, ಯಾವ ಚಿತ್ರವೂ ತೋರಿಸಲಿಲ್ಲ. ಐತಿಹಾಸಿಕ ಚಿತ್ರ ಅನ್ನುತ್ತಾರೆ. ಕೋಟೆ ಬಿದ್ದದ್ದು ಇತಿಹಾಸ, ಬಟ್ಟೆ ಒಗೆದದ್ದು ಇತಿಹಾಸವಲ್ಲ.

ಅದರಲ್ಲಿ ಒಂದು ಚಿತ್ರ ಎರಡು ವರ್ಷ ನಮ್ಮ ಟೆಂಟಿನಲ್ಲೇ ಇತ್ತು. ಸಮುದ್ರದ ದಡದಲ್ಲಿ ಒಂದು ಊರು, ಅದರ ಮೇಲೆ ರೋಮಿನವರು ದಂಡೆತ್ತಿ ಬರುತ್ತಾರೆ. ಊರವರ ಕೋಟೆ ಕಟ್ಟಿದಷ್ಟೂ ಕುಸಿಯುತ್ತದೆ. ಊರಿನ ಯಜಮಾನನ ಮಗಳನ್ನು ಗೋಡೆಯೊಳಗೆ ನಿಲ್ಲಿಸಿ ಕಟ್ಟಿದರೆ ನಿಲ್ಲುತ್ತದೆ ಎಂದು ಪೂಜಾರಿ ಹೇಳುತ್ತಾನೆ. ಇಂಥ ಕಥೆ ನಮ್ಮ ಕಡೆ ಕೆರೆಕೆರೆಗೂ ಇದೆ, ಅಪ್ಪನಿಗೆ ಹೇಳಿಕೊಡುವವರು ಬೇಕಿರಲಿಲ್ಲ. ಕಲ್ಲು ಮೊಣಕಾಲಿಗೆ ಬರುತ್ತದೆ, ಸೊಂಟಕ್ಕೆ ಬರುತ್ತದೆ, ಎದೆಗೆ ಬರುತ್ತದೆ. ಹುಡುಗಿ ಎರಡೂ ಕೈ ಜೋಡಿಸಿ ಮೇಲೆತ್ತುತ್ತಾಳೆ.

"ನೋಡ್ರಪ್ಪಾ, ಕೈ ಮುಗೀತಾ ಅವ್ಳೆ! ಹೆತ್ತಪ್ಪನ ಮಾತಿಗೆ ಎದುರಾಡದೆ, ಒಂದು ತೊಟ್ಟು ಕಣ್ಣೀರು ಹಾಕದೆ ನಿಂತವ್ಳೆ! ಮಗಳು ಅಂದ್ರೆ ಇವಳು ಕಣ್ರಪ್ಪಾ!"

ಕೈ ಮೇಲೆದ್ದಲ್ಲಿಗೆ, ಗೀರು ಬಿದ್ದು ಮಸುಕಾದ ಆ ರೀಲಿನೊಂದಿಗೆ, ಚಿತ್ರ ಮುಗಿಯುತ್ತಿತ್ತು. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಏಳುತ್ತಿದ್ದರು.

ನನಗೆ ಹದಿಮೂರು ತುಂಬಿದಾಗ ಟೆಂಟಿನ ಯಜಮಾನನ ತಮ್ಮನ ಹೆಂಡತಿ ಸತ್ತಳು. ಅವನಿಗೆ ಮೂವತ್ತಾರು. ನನ್ನನ್ನು ಕೊಡು ಎಂದು ಕೇಳಿದರು. ಕೊಡದಿದ್ದರೆ ಅಪ್ಪನ ಕೋಲು ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ನಾನು ಕರಟ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದೆ. ಅಪ್ಪ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಆ ಹುಡುಗಿ ಬಾಯಿ ಬಿಟ್ಟಳೇನೇ?" ಅಂದ. ಅಷ್ಟೇ. ದಿನಾ ನೋಡುತ್ತಿದ್ದವಳು ನಾನು, ಬಿಟ್ಟಳು ಎಂದು ಹೇಗೆ ಹೇಳಲಿ? ನಾನೂ ಬಿಡಲಿಲ್ಲ.

ಗಂಡ ಕೆಟ್ಟವನಲ್ಲ. ಒಳ್ಳೆಯವನು ಎನ್ನುವುದಕ್ಕೂ ನನ್ನ ಹತ್ತಿರ ಸಾಕ್ಷಿ ಇಲ್ಲ. ಮದುವೆಯಾಗಿ ಐದಾರು ವರ್ಷಕ್ಕೆ ಮಾತಾಡುವ ಸಿನಿಮಾ ಬಂತು, ಅಪ್ಪನ ಕೆಲಸ ಹೇಗೂ ಹೋಯಿತು. ಗೋಡೆಗೆ ನನ್ನನ್ನಿಟ್ಟು ಕಟ್ಟಿದರು, ಕೋಟೆ ಬೀಳುವುದು ಬಿದ್ದೇ ಬಿತ್ತು.

ಇಷ್ಟಾದ ಮೇಲೆ ಬುದ್ಧಿ ಬರಬೇಕು. ನನಗೆ ಬರಲಿಲ್ಲ. ಗಂಡ ಹೋದ ಮೇಲೆ ವಿಮಲಾ ನನ್ನನ್ನು ಸ್ಯಾನ್ ಡಿಯಾಗೋಗೆ ಕರೆಸಿಕೊಂಡಳು. ಅಳಿಯ ಎಂಜಿನಿಯರು, ರಾಂಚೊ ಬರ್ನಾರ್ಡೊದಲ್ಲಿ ಮನೆ. ಮೊಮ್ಮಗಳು ಲತಾ ಹತ್ತನೇ ವಯಸ್ಸಿಗೆ ಇಲ್ಲಿಗೆ ಬಂದವಳು, ಆಗ ಇಪ್ಪತ್ತು, ಲಾಸ್ ಏಂಜಲೀಸಿನ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳಿಗೆ ಒಂದು ಸಂಬಂಧ ಬಂತು. ಹುಡುಗ ಡಾಕ್ಟರು, ಮೂವತ್ತನಾಲ್ಕು. ಬೆಂಗಳೂರಿನ ಕಡೆಯವರು, ಈಗ ತಾಯಿ ಮಗ ಇಬ್ಬರೂ ಇಲ್ಲೇ. ಜೂನಿನಲ್ಲಿ ಮದುವೆ ಆಗಬೇಕು, ಓದು ಅಷ್ಟಕ್ಕೇ ಸಾಕು ಎಂದು ಅವನ ತಾಯಿಯ ಷರತ್ತು. ಲತಾ ಎರಡು ತಿಂಗಳು ಒಲ್ಲೆ ಅಂದಳು. ಅವಳ ಅಪ್ಪ ಅಮ್ಮ ಹೇಳಿ ಹೇಳಿ ಸೋತರು. ಆಗ ನಾನು ಸೊಂಟ ಕಟ್ಟಿ ನಿಂತೆ. ಗೋಡೆಯ ಹುಡುಗಿಯ ಕಥೆ ಹೇಳಿದೆ. ನಾಲ್ಕು ಸಲ ಹೇಳಿದೆ, ಅಪ್ಪನ ಹಾಗೆಯೇ ಕೈ ಎತ್ತಿ ತೋರಿಸಿ. ನಾಲ್ಕನೆಯ ಸಲಕ್ಕೆ ಅವಳು, "ಓಕೆ ಅಜ್ಜಿ, ಸಾಕು. ಹೂಂ ಅಂತ ಹೇಳು" ಅಂದಳು. ಮುಂದಿನ ತಿಂಗಳಿಗೆ ನಿಶ್ಚಿತಾರ್ಥ ಗೊತ್ತು ಮಾಡಿದರು. ನನಗೆ ಹೆಮ್ಮೆ. ಕಸುಬು ರಕ್ತದಲ್ಲಿರುತ್ತದೆ ಅನ್ನುವುದು ಸುಳ್ಳಲ್ಲ.

ನಿಶ್ಚಿತಾರ್ಥಕ್ಕೆ ಎಂಟು ದಿನ ಇದ್ದಾಗ ಲತಾ ಕಾಲೇಜಿನಿಂದ ಫೋನ್ ಮಾಡಿದಳು.

"ಅಜ್ಜಿ, ಶನಿವಾರ ನಮ್ಮ ಹಾಲ್‌ನಲ್ಲಿ ಇಟಲಿ ಸೈಲೆಂಟ್ ಪಿಕ್ಚರ್ ಹಾಕ್ತಾರೆ. ನೀನು ಕೋಕನಟ್ ಶೆಲ್‌ನಲ್ಲಿ ಕುದುರೆ ಸೌಂಡ್ ಮಾಡ್ತಿದ್ದೆ ಅಂತ ಪ್ರೊಫೆಸರ್‌ಗೆ ಹೇಳ್ದೆ. ನೀನೇ ಬಂದು ಮಾಡ್ಬೇಕಂತೆ."

"ಯಾಕೆ, ಅಷ್ಟು ದೊಡ್ಡ ಊರಲ್ಲಿ ಕರಟ ಬಡಿಯೋರು ಯಾರೂ ಇಲ್ವಂತಾ?"

"ಬಾ ಅಜ್ಜಿ. ಪ್ಲೀಸ್."

ಬೆಳಿಗ್ಗೆ ಬಂದು ಕಾರಿನಲ್ಲಿ ಕರೆದುಕೊಂಡು ಹೋದಳು. ಎರಡೂವರೆ ಗಂಟೆ ದಾರಿ. ಸೀರೆಯ ಮೇಲೆ ಅಳಿಯನ ಕೋಟು, ತೊಡೆಯ ಮೇಲೆ ಅಂಗಡಿಯ ತೆಂಗಿನಕಾಯಿ ಒಡೆದು ತಿಂದು ಒಣಗಿಸಿದ ಎರಡು ಕರಟ.

ಪ್ರೊಫೆಸರು ಎದ್ದು ನಿಂತು ಮೊದಲು ಒಂದು ಭಾಷಣ ಮಾಡಿದರು. ಲತಾ ಕಿವಿಯಲ್ಲಿ ಕನ್ನಡ ಮಾಡಿದಳು. ಮೊದಲ ಮಹಾಯುದ್ಧಕ್ಕೆ ಮುಂಚೆ ಇಷ್ಟು ದೊಡ್ಡ ಚಿತ್ರ ತೆಗೆಯುವ ಎದೆ ಇದ್ದದ್ದು ಇಟಲಿಯವರಿಗಂತೆ. ಚಿತ್ರದಲ್ಲಿರುವ ಊರನ್ನು ಬಟ್ಟೆಯ ಮೇಲೆ ಬರೆಯದೆ ನಿಜವಾಗಿ ಕಟ್ಟಿಬಿಡುತ್ತಿದ್ದರಂತೆ. ಅಮೆರಿಕದವರು ನೋಡಿ ಬೆರಗಾಗಿ, ಕಲಿತು, ಇದೇ ಲಾಸ್ ಏಂಜಲೀಸಿನಲ್ಲಿ ಅದಕ್ಕಿಂತ ದೊಡ್ಡದು ಕಟ್ಟಿದರಂತೆ. ಯುದ್ಧ ಮುಗಿಯುವ ಹೊತ್ತಿಗೆ ಇಟಲಿಯವರನ್ನು ಕೇಳುವವರಿಲ್ಲ. ಸರಿಯಾಗಿಯೇ ಇದೆ. ಕಲಿಸಿದವನು ಮುಳುಗುತ್ತಾನೆ, ಕಲಿತವನು ಬಂಗಲೆ ಕಟ್ಟುತ್ತಾನೆ. ಇದನ್ನು ಹೇಳುವುದಕ್ಕೆ ಒಬ್ಬ ಪ್ರೊಫೆಸರಿಗೆ ಸಂಬಳ ಕೊಡುತ್ತಾರೆ.

ದೀಪ ಆರಿತು. ನನ್ನನ್ನು ಪರದೆಯ ಪಕ್ಕ, ಮುಂದುಗಡೆ ಕೂರಿಸಿದ್ದರು. ಮೆಟ್ಟಿಲು ಕಂಡಿತು, ಸಮುದ್ರ ಕಂಡಿತು. ಅದೇ ಚಿತ್ರ. ಆದರೆ ಎಲ್ಲ ಅದಲು ಬದಲು. ಎಡಕ್ಕಿದ್ದ ಸಮುದ್ರ ಬಲಕ್ಕೆ ಹೋಗಿತ್ತು, ಸೇನಾಪತಿ ಬಲಗೈಯಲ್ಲಿ ಕತ್ತಿ ಎಳೆದ. ನಲವತ್ತಾರು ವರ್ಷ ನನ್ನ ತಲೆಯಲ್ಲಿ ಎಡಚನಾಗಿದ್ದ ಪುಣ್ಯಾತ್ಮ. ನಗು ಬಂತು. ಕುದುರೆಗಳು ಬಂದವು, ಬಡಿದೆ. ಜನ ಕುತ್ತಿಗೆ ತಿರುಗಿಸಿ ನೋಡಿದರು. ಕೈ ಏನೂ ಮರೆತಿರಲಿಲ್ಲ.

ಆಮೇಲೆ ಗೋಡೆ ಏಳತೊಡಗಿತು. ಒದ್ದೆ ಬಟ್ಟೆಯ ಹಿಂದಿನಿಂದ ನನಗೆ ಅವಳ ಮುಖ ಸರಿಯಾಗಿ ಕಂಡಿರಲೇ ಇಲ್ಲ ಎಂದು ಆಗ ಗೊತ್ತಾಯಿತು. ಇಲ್ಲಿ ಹಲ್ಲು ಸಮೇತ ಕಾಣುತ್ತಿತ್ತು. ಬಾಯಿ ಅಗಲಕ್ಕೆ ತೆರೆದು ಕಿರುಚುತ್ತಿದ್ದಳು. ಕಲ್ಲು ಎದೆಗೆ ಬಂತು, ಎರಡು ಕೈ ಮೇಲೆ ಬಂದವು. ಕೈ ಮುಗಿದದ್ದಲ್ಲ. ಎರಡು ಕೈಯಲ್ಲೂ ಸೇರಿಸಿ ಒಂದು ಕಲ್ಲು ಹಿಡಿದಿದ್ದಳು. ಗಾರೆಯವನ ತಲೆಗೆ ಎತ್ತಿ ಹಾಕಿದಳು. ಅಕ್ಷರ ಬಂತು. ಪ್ರೊಫೆಸರು ಅದನ್ನು ಇಂಗ್ಲಿಷಿನಲ್ಲಿ ಓದಿದರು. ಲತಾ ನನ್ನ ಕಿವಿಗೆ ಬಗ್ಗಿದಳು.

"'ನಾನು ಒಪ್ಪಲಿಲ್ಲ, ಎಲ್ಲರೂ ಕೇಳಿಸ್ಕೊಳ್ಳಿ' ಅಂತಿದಾಳೆ ಅಜ್ಜಿ."

ಚಿತ್ರ ಅಲ್ಲಿಗೆ ಮುಗಿಯಲಿಲ್ಲ. ಇನ್ನೂ ನಾಲ್ಕು ರೀಲು ಇತ್ತು. ಅವು ನಮ್ಮ ಟೆಂಟಿಗೆ ಬಂದೇ ಇರಲಿಲ್ಲವೋ, ಬಂದು ಸುಟ್ಟುಹೋಗಿದ್ದವೋ, ಅಪ್ಪನಿಗಾದರೂ ಗೊತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅಪ್ಪ ಇಲ್ಲ. ಕಲ್ಲುಕುಟಿಗನೊಬ್ಬ ಗೋಡೆ ಒಡೆದು ಅವಳನ್ನು ಎಳೆದುಕೊಂಡ. ಅವಳು ಹೊರಗೆ ಬಂದವಳೇ ನೆಟ್ಟಗೆ ಹೋಗಿ ತನ್ನ ಅಪ್ಪನ ಕೆನ್ನೆಗೆ ಹೊಡೆದಳು. ಪರದೆಯ ತುಂಬ ಕುದುರೆ ಓಡುತ್ತಿದ್ದವು. ನನ್ನ ಕೈ ಏಳಲಿಲ್ಲ. ಪ್ರೊಫೆಸರು ಆ ಕಡೆಯಿಂದ ಬೆರಳು ಆಡಿಸಿ ಬಡಿಯಿರಿ ಬಡಿಯಿರಿ ಎಂದು ಸನ್ನೆ ಮಾಡಿದರು. ಕುದುರೆಗಳು ಸದ್ದಿಲ್ಲದೆ ಓಡಿದವು.

ಮುಗಿದ ಮೇಲೆ ಒಬ್ಬ ಗಡ್ಡದವನು ಬಂದು ನನ್ನ ಕೈ ಕುಲುಕಿ, ನೀವು ನಿಲ್ಲಿಸಿದ ಜಾಗ ಅದ್ಭುತ, ಅದೇ ಕಲೆ ಎಂದು ಹೊಗಳಿದ. ಓದಿದವರ ಕೈಯಲ್ಲಿ ಸಿಕ್ಕಿದರೆ ಹೆಂಗಸಿನ ಹೊಟ್ಟೆನೋವೂ ಕಲೆಯಾಗುತ್ತದೆ.

ವಾಪಸು ಹೊರಟೆವು. ಬಲಗಡೆ ಸಮುದ್ರ ಇತ್ತು. ಅರ್ಧ ದಾರಿಗೆ ನಾನೇ ಕೇಳಿದೆ.

"ನಿಂಗೆ ಮೊದಲೇ ಗೊತ್ತಿತ್ತಾ?"

"ಹೂಂ. ನಿನ್ನ ಕಥೆ ಪ್ರೊಫೆಸರ್‌ಗೆ ಹೇಳಿದ್ದೆ. ಅದು ಹಾಗಲ್ಲ ಅಂತ ಅಂದ್ರು. ಎಲ್ಲಿಂದಲೋ ಪಿಕ್ಚರ್ ತರಿಸಿದ್ರು."

"ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನಂಬ್ತಿದ್ಯಾ?"

ನಂಬುತ್ತಿರಲಿಲ್ಲ. ಇನ್ನೊಂದು ಸಲ ಕಥೆ ಹೇಳುತ್ತಿದ್ದೆ, ಐದನೆಯ ಸಲ.

"ನೀನು ಹೂಂ ಅಂದೆಯಲ್ಲ," ಅಂದೆ. ಸೋತವರು ತಪ್ಪು ಹುಡುಕುವ ದನಿ ಅದು, ನನಗೇ ಕೇಳಿಸಿತು.

"ಅಂದಿದೀನಿ. ಡ್ಯಾಡಿ ಎಲ್ಲರಿಗೂ ಹೇಳಿಬಿಟ್ಟಿದಾರೆ. ಈಗ ನಾನು ಬೇಡ ಅಂದ್ರೆ ಮಾತು ತಪ್ಪಿದಳು ಅಂತಾರೆ. ನೀನು ಶುರು ಮಾಡಿದ್ದು ಅಜ್ಜಿ. ನೀನೇ ನೋಡ್ಕೋ."

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದು ನೋಡಿದೆ. ಬಂತು, ಬಹಳವೇ ಬಂತು. ಆದರೆ ಅಪ್ಪನ ಹತ್ತಿರ ಇದ್ದದ್ದು ಐದು ರೀಲು, ಒಂದು ಕೋಲು, ಹಸಿದ ಮನೆ. ನನ್ನ ಹತ್ತಿರ ಏನಿತ್ತು? ಇಡೀ ಒಂದು ಬಾಳು ಇತ್ತು. ಆ ಮದುವೆ ಹೇಗಾಯಿತು ಎಂದು ಬೇರೆ ಯಾರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದೇ ಕಥೆಯನ್ನು ಅದೇ ರಾಗದಲ್ಲಿ ಹೇಳಿದೆ. ಅಕ್ಷರ ಬರದವರಿಗೆ ಮೋಸ ಮಾಡುವುದು ಸುಲಭ ಅನ್ನುತ್ತಾರೆ. ನನಗೆ ಮೋಸ ಮಾಡುವುದಕ್ಕೆ ಬೇರೆಯವರು ಬೇಕಾಗಲೇ ಇಲ್ಲ.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಅಳಿಯ ಕಾಫಿ ಕುಡಿಯುತ್ತಿದ್ದಲ್ಲಿಗೆ ಹೋಗಿ, ಹುಡುಗನ ತಾಯಿಗೆ ಫೋನ್ ತಿರುಗಿಸಿ ಕೊಡಿ ಎಂದೆ. ನಿಶ್ಚಿತಾರ್ಥದ ಅಡುಗೆಯ ಮಾತಿರಬೇಕು ಎಂದುಕೊಂಡು ನಗುತ್ತಲೇ ತಿರುಗಿಸಿ ಕೊಟ್ಟರು.

"ರೀ, ನಾನು ಲತಾ ಅಜ್ಜಿ. ಈ ಸಂಬಂಧ ಬೇಡ. ನಮ್ಮ ಹುಡುಗಿ ಓದು ಮುಗಿಸ್ತಾಳೆ."

"ಅಯ್ಯೋ, ಹುಡುಗಿ ಒಪ್ಪಿದಾಳೆ ಅಂದಿದ್ರಲ್ಲಾ! ಈಗ ಯಾರು ಬೇಡ ಅಂತಿರೋದು, ಅವಳಾ?"

"ಅವಳಲ್ಲ. ಅವಳ ಕೈಲಿ ಹೂಂ ಅನ್ನಿಸಿದ್ದೂ ನಾನೇ, ಈಗ ಬೇಡ ಅಂತಿರೋದೂ ನಾನೇ. ಬೈಯೋದಿದ್ರೆ ನನ್ನನ್ನ ಬೈಯಿರಿ, ಹುಡುಗಿ ಹೆಸರು ಎತ್ತಬೇಡಿ."

ಆಯಮ್ಮ ಬೈದರು. ಬೈದು ಮುಗಿಸುವವರೆಗೂ ಕಿವಿಗೆ ಹಿಡಿದುಕೊಂಡಿದ್ದೆ. ಫೋನ್ ಇಟ್ಟು ತಿರುಗಿದರೆ ಅಳಿಯ ಕಪ್ಪು ಹಿಡಿದುಕೊಂಡು ಹಾಗೇ ನಿಂತಿದ್ದರು, ಹಿಂದೆ ಬಾಗಿಲಲ್ಲಿ ವಿಮಲಾ. ಒಂದು ಕುರ್ಚಿ ಎಳೆದುಕೊಂಡು ಅವರಿಬ್ಬರ ಎದುರಿಗೆ ಕೂತು, "ಅವರು ಬೈದಾಯ್ತು, ಇನ್ನು ನೀವು ಶುರು ಮಾಡಿ" ಅಂದೆ.