ಇನ್ನಾಸಪ್ಪ ಎಂಜಿನ್ನು ಪಳಗಿಸಿದ್ದು

ಇನ್ನಾಸಪ್ಪ ಮೋಟಾರು ರಿಪೇರಿ ಕಲಿತದ್ದು ಕಿವಿಯಿಂದ. ಬೀದಿಯ ತುದಿಯಲ್ಲಿ ಯಾವುದೋ ಕಾರು ತಿರುಗಿದರೆ ಸಾಕು, ಊಟಕ್ಕೆ ಕೂತವನು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಎರಡನೇ ವಾಲ್ವು ಬಡೀತಾ ಅದೆ" ಅನ್ನುವನು. ಹೆಂಡತಿ ಸವರಿಯಮ್ಮ, "ಸಾರು ಆರೋಗ್ತಾ ಅದೆ ಅಂತ ನಾನು ಬಡ್ಕೊಳೋದು ಮಾತ್ರ ಆ ಕಿವಿಗೆ ಬೀಳಲ್ಲ" ಅನ್ನುವಳು. ಮೈಸೂರಿನ ದೊಡ್ಡ ಚರ್ಚಿನ ಹಿಂದಿನ ಬೀದಿಯಲ್ಲಿ ಅವರ ಮನೆ, ಮನೆಗೆ ಒತ್ತಿಕೊಂಡಂತೆ ತಗಡಿನ ಶೆಡ್ಡು. ಲಾರಿ ತೊಳೆಯುವ ಕೆಲಸದಿಂದ ಮೇಲೆ ಬಂದ ಇನ್ನಾಸಪ್ಪನಿಗೆ ಆ ಶೆಡ್ಡೇ ಸಾಮ್ರಾಜ್ಯ.

ಐವತ್ತೈದನೇ ಇಸವಿಯಲ್ಲಿ ಆ ಶೆಡ್ಡಿಗೆ ಒಂದು ಹಸಿರು ಬಣ್ಣದ ವಿಲಾಯಿತಿ ಕಾರು ಬಂತು. ತಲೆಯ ಮೇಲೆ ಮುಚ್ಚಳವಿಲ್ಲದ ಉದ್ದ ಮೂತಿಯ ಕಾರು. ಯಾದವಗಿರಿಯ ವೆಂಕಟಸುಬ್ಬಯ್ಯನವರು, ನಾಲೆ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಹರಾಜಿನಲ್ಲಿ ಹಿಡಿದಿದ್ದರು. ಪಿಸ್ಟನ್ನುಗಳು ಸುಟ್ಟು ತೂತಾಗಿದ್ದವು. ಎಂಜಿನ್ನಿನ ಮುಂದೆ ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಗಡಿಗೆ ಇತ್ತು. ಅದೇನೆಂದು ಸವರಿಯಮ್ಮ ಕೇಳಿದಳು.

"ಬ್ಲೋಯರು ಕಣೆ. ಕಮ್ಮಾರನ ತಿದಿ ಇಲ್ವಾ, ಹಂಗೆ. ಬೇರೆ ಎಂಜಿನ್ನು ತಾನಾಗಿ ಉಸಿರು ಎಳ್ಕೋತವೆ. ಇದಕ್ಕೆ ಗಾಳೀನ ತುರುಕಿ ತುರುಕಿ ಕುಡಿಸ್ತಾರೆ. ನಾಲ್ಕು ಕುದುರೆ ಇರೋ ಕಡೆ ಆರು ಕುದುರೆ ಬರ್ತವೆ."

ಇಂಗ್ಲೆಂಡಿನಿಂದ ಹಡಗಿನಲ್ಲಿ ಪಿಸ್ಟನ್ನು, ರಿಂಗು ಬಂದವು. ನಾಲ್ಕು ತಿಂಗಳು ಇನ್ನಾಸಪ್ಪ ಆ ಎಂಜಿನ್ನನ್ನು ಬಿಚ್ಚಿ, ಒರೆಸಿ, ಅಳೆದು, ಮತ್ತೆ ಕೂಡಿಸಿದ. ಒಪ್ಪಿಸುವ ದಿನ ವೆಂಕಟಸುಬ್ಬಯ್ಯನವರಿಗೆ ಕೈಮುಗಿದು ಹೇಳಿದ: "ಸ್ವಾಮಿ, ಐನೂರು ಮೈಲಿ ನನ್ನ ಮಾತು ಕೇಳಿ, ಆಮೇಲೆ ಇಪ್ಪತ್ತು ವರ್ಷ ಅದು ನಿಮ್ಮ ಮಾತು ಕೇಳ್ತದೆ. ಮೂವತ್ತರ ಮೇಲೆ ಓಡಿಸ್ಬೇಡಿ. ಬ್ಲೋಯರಿನ ಮೀಟರಲ್ಲಿ ಮುಳ್ಳು ಅರ್ಧ ದಾಟಿಸ್ಬೇಡಿ. ದಿನಾ ರಸ್ತೆಗೆ ಬುಡಿ."

ಮಾರನೆಯ ದಿನ ಆಷಾಢ ಹುಟ್ಟಿತು. ವೆಂಕಟಸುಬ್ಬಯ್ಯನವರ ತಾಯಿ ಗಿರಿಜಾಂಬಾ ಗೇಟಿಗೆ ಅಡ್ಡ ನಿಂತರು. ಹೊಸ ಎಂಜಿನ್ನು ಎಂದರೆ ಹೊಸ ಗಾಡಿಯೇ, ಆಷಾಢದಲ್ಲಿ ಹೊಸಲು ದಾಟಕೂಡದು ಅಂದರು. ಶ್ರಾವಣ ಬರಲಿ ಎಂದು ಇನ್ನಾಸಪ್ಪನಿಗೂ ಹೇಳಿ ಕಳಿಸಿದರು. ತಿಂಗಳು ಸುಮ್ಮನೆ ಮುಚ್ಚಿಟ್ಟರೆ ಏನೂ ಆಗದು ಎಂದು ಅವನೂ ಒಪ್ಪಿದ. ಆದರೆ ಆ ಮನೆಯವರು ಮುಚ್ಚಿಡಲಿಲ್ಲ. ಬಾಣಂತಿಗೆ ಬಿಸಿ ಆರಬಾರದು ಅನ್ನುವ ಹಾಗೆ ಪ್ರತಿ ಬೆಳಿಗ್ಗೆ ಮಗ ಕಾರು ನಿಂತಲ್ಲೇ ಎಂಜಿನ್ನು ಹಚ್ಚಿ ಅರ್ಧ ಗಂಟೆ ಗುರುಗುಟ್ಟಿಸುವುದು, ತಾಯಿ ಆರತಿ ಎತ್ತುವುದು. ಮೂವತ್ತು ದಿನ ಪ್ರೀತಿಯಿಂದ ಮಾಡಿದರು.

ಶ್ರಾವಣದ ಮೊದಲ ಶುಕ್ರವಾರ ಕಾರು ಗೇಟು ದಾಟಿತು. ಹಿಂದೆ ನೀಲಿ ಹೊಗೆ ಎದ್ದು ಯಾದವಗಿರಿಯ ಬೇಲಿಗಳೆಲ್ಲ ಮುಚ್ಚಿಹೋದವು.

ಇನ್ನಾಸಪ್ಪನನ್ನು ಕರೆಸಿದರು. ತಿಂಗಳೆಲ್ಲ ನಿಂತಲ್ಲೇ ಎಂಜಿನ್ನು ಹಚ್ಚಿ ಆರತಿ ಎತ್ತಿದ್ದನ್ನು ಗಿರಿಜಾಂಬಾ ತಾವೇ ಹೇಳಿದರು. ವೆಂಕಟಸುಬ್ಬಯ್ಯನವರು ದನಿ ಎತ್ತುವವರಲ್ಲ. "ನಿಮ್ಮ ಶ್ರದ್ಧೆಗೆ ನಾನೇನೂ ಅನ್ನೋಲ್ಲ. ಆದರೆ ಎಂಜಿನ್ನು ಎಣ್ಣೆ ಕುಡೀತಿದೆ. ಸೋಮವಾರ ರೈಲಿನಲ್ಲಿ ಮದ್ರಾಸಿಗೆ ಕಳಿಸ್ತೀನಿ. ಅಲ್ಲಿ ಬಿಚ್ಚಿ ನೋಡಲಿ."

ಬಿಚ್ಚಿದವರು ಏನನ್ನುತ್ತಾರೆ ಎಂಬುದು ಇನ್ನಾಸಪ್ಪನಿಗೆ ಗೊತ್ತಿತ್ತು. ಮೈಸೂರಿನವನಿಗೆ ರಿಂಗು ಕೂರಿಸಲು ಬರಲಿಲ್ಲ ಅನ್ನುತ್ತಾರೆ. ಆಮೇಲೆ ಅವನ ಶೆಡ್ಡಿಗೆ ಯಾರೂ ಎಂಜಿನ್ನು ತರುವುದಿಲ್ಲ. ಐವತ್ತರ ವಯಸ್ಸಿನಲ್ಲಿ ಮತ್ತೆ ಲಾರಿ ತೊಳೆಯಬೇಕು. "ಎರಡು ದಿನ ಕೊಡಿ ಸ್ವಾಮಿ" ಎಂದು ಕೇಳಿಕೊಂಡು ಬಂದ.

ಮನೆಗೆ ಬಂದವನು ಬೀಸುವ ಕಲ್ಲಿನ ಮುಂದೆ ಕೂತ. "ಸವರಿ, ಉಳಿಪೆಟ್ಟು ಹಾಕಿಸಿದ ಕಲ್ಲನ್ನ ಕಾಳು ಹಾಕ್ದೆ ಬರಿದೇ ತಿರುಗಿಸಿದ್ರೆ ಏನಾಯ್ತದೆ?"

"ನುಣ್ಣಗಾಗೋಯ್ತದೆ. ಆಮೇಲೆ ರಾಗಿ ಕಚ್ಚಲ್ಲ, ಜಾರ್ತದೆ."

"ಹಂಗೇ ಆಗದೆ ಒಳಗೆ. ಭಾರ ಬಿದ್ರೆ ಪಿಸ್ಟನ್ನಿಗೆ ತೊಡಿಸಿದ ರಿಂಗು ಸಿಲಿಂಡರಿನ ಗೋಡೆಗೆ ಒತ್ಕೊಂಡು ಉಜ್ಜಿ ಉಜ್ಜಿ ಕೂತ್ಕೋತದೆ. ಇವ್ರು ಭಾರಾನೇ ಹಾಕ್ಲಿಲ್ಲ, ಸಂದೀಲಿ ಎಣ್ಣೆ ನುಗ್ಗಿ ನೀಲಿಯಾಗಿ ಉರೀತದೆ. ಮೇಲಷ್ಟೇ ಗಾಜಿನಂಗಾಗಿದ್ರೆ ಭಾರ ಹೊರಿಸಿ ಬೆಟ್ಟ ಹತ್ತಿಸಿ ಇನ್ನೂ ಬಿಡಿಸ್ಬೋದು. ಆಳಕ್ಕೆ ಹೋಗಿದ್ರೆ ದೇವರೇ ಗತಿ."

ಶನಿವಾರ ಬೆಳಿಗ್ಗೆ ಕಾರನ್ನು ಚಾಮುಂಡಿ ಬೆಟ್ಟಕ್ಕೆ ಒಯ್ಯಲು ಯಾದವಗಿರಿಗೆ ಬಂದ. ಭಾರ ಬೇಕು ಎಂದು ಹೆಂಡತಿಯನ್ನೂ ಕರೆತಂದಿದ್ದ. ಗಿರಿಜಾಂಬಾ, "ನಾನೂ ಬರ್ತೀನಿ. ತಪ್ಪು ನನ್ನದೂ ಇದೆಯೋ ಇಲ್ಲವೋ ನೋಡೇಬಿಡ್ತೀನಿ" ಎಂದು ಹಿಂದೆ ಹತ್ತಿ ಕೂತರು. ಮಗ ಮುಂದೆ ಕೂತರು.

"ಭಾರಕ್ಕೆ ನಾವಿಬ್ಬರು ಸಾಕೇನಪ್ಪ?" ಅಂದರು ಗಿರಿಜಾಂಬಾ.

"ನಮ್ಮವಳೊಬ್ಬಳೇ ಎರಡು ಮೂಟೆ ಅಮ್ಮ" ಅಂದ ಇನ್ನಾಸಪ್ಪ.

"ಮನೇಗೆ ಬನ್ನಿ, ಮೂಟೆ ಹೊರಿಸ್ತೀನಿ" ಅಂದಳು ಸವರಿಯಮ್ಮ.

ಅವಳಿಗೆ ಒಂದು ಕೆಲಸ ಕೊಟ್ಟಿದ್ದ. ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ನೋಡುತ್ತಾ, ತಾನು ಪೆಡಲಿನಿಂದ ಕಾಲು ತೆಗೆದಾಗಲೆಲ್ಲ ಹೊಗೆಯ ಬಣ್ಣ ಕೂಗಿ ಹೇಳಬೇಕು.

ಬೆಟ್ಟದ ಬುಡದಿಂದ ಕಾರು ಏರು ಹಿಡಿಯಿತು. ಮೂರನೇ ಗೇರಿನಲ್ಲೇ ಇಟ್ಟು ಇನ್ನಾಸಪ್ಪ ಪೆಡಲನ್ನು ಒತ್ತಿದ. ಬ್ಲೋಯರಿನಿಂದ ಒಂದು ಸ್ವರ ಹುಟ್ಟಿ ತೆಳ್ಳಗೆ ಮೇಲೇರಿತು. ಸವರಿಯಮ್ಮನ ಮಂಡಿಯಿಂದ ಹಲ್ಲಿನವರೆಗೂ ಅದು ನಡುಗಿಸಿತು. ರಸ್ತೆ ಅವಳ ಕಣ್ಣ ಮುಂದೆ ಹಿಂದಕ್ಕೆ ಸುರಿದುಹೋಗುತ್ತಿತ್ತು, ಮೈಸೂರು ಪಟ್ಟಣ ಕೆಳಗೆ ಇಳಿಯುತ್ತಿತ್ತು, ಮನೆಗಳು ಬೆಂಕಿಪೊಟ್ಟಣದಷ್ಟಾದವು. ಈ ಬಲವನ್ನೆಲ್ಲ ಚೂರು ಚೂರು ಮಾಡಿ ಗೋಣಿತಾಟಿನ ಮೇಲೆ ಹರವಿಕೊಂಡು ಕೂತವನು ತನ್ನ ಗಂಡ ಎಂದು ನೆನೆದು ಅವಳು ಒಮ್ಮೆ ತಿರುಗಿ ಅವನ ಬೆನ್ನು ನೋಡಿದಳು.

ತಿರುವಿನಲ್ಲಿ ಕಾಲು ತೆಗೆದ. ದಟ್ಟ ಹೊಗೆ ಎದ್ದಿತು.

"ನೀಲಿ. ಶಾಯಿ ಚೆಲ್ಲಿದಂಗದೆ."

ಅವನು ಮತ್ತೆ ಒತ್ತಿದ, ಮತ್ತೆ ಬಿಟ್ಟ. ಅರ್ಧ ಬೆಟ್ಟದಲ್ಲಿ ತಿರುಗಿಸಿ ಕೆಳಗಿಳಿದು, ಎಂಜಿನ್ನು ಆರುವ ತನಕ ಮರದ ಕೆಳಗೆ ಕಾದು, ಎರಡನೇ ಸಲ ಹತ್ತಿಸಿದ. ಆಗಲೂ ನೀಲಿಯೇ. ವೆಂಕಟಸುಬ್ಬಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳಿಬಿಡಲೇ ಎಂದು ಸವರಿಯಮ್ಮನಿಗೆ ಒಂದು ಗಳಿಗೆ ಅನ್ನಿಸಿತು.

ಮೂರನೇ ಸಲ ಮೊದಲ ತಿರುವಿನಲ್ಲಿ, "ನೀಲಿ" ಅಂದಳು. ಎರಡನೆಯದರಲ್ಲಿ, "ಊದುಬತ್ತಿಯಷ್ಟು." ಆಮೇಲೆ ಇನ್ನಾಸಪ್ಪ ಅರ್ಧಕ್ಕೆ ತಿರುಗಿಸಲಿಲ್ಲ, ತುದಿಯವರೆಗೂ ಒತ್ತಿ ಹಿಡಿದ. ಕಡೆಯ ತಿರುವಿನಲ್ಲಿ ಕಾಲು ತೆಗೆದಾಗ ಸವರಿಯಮ್ಮ ನೋಡಿಯೇ ನೋಡಿದಳು.

"ಏನು ಬಣ್ಣ? ಹೇಳೆ."

"ಬಣ್ಣ ಇಲ್ಲ ಕಣ್ರೀ. ರಸ್ತೆ ಕಾಣ್ತದೆ ಅಷ್ಟೇ."

"ಸರಿಯಾಗಿ ನೋಡು."

"ನಾನೂ ನೋಡ್ತಿದೀನಿ ಕಣಯ್ಯ" ಅಂದರು ಗಿರಿಜಾಂಬಾ. ಅವರೂ ಯಾವಾಗಲೋ ಹಿಂದಕ್ಕೆ ತಿರುಗಿ ಮಂಡಿಯೂರಿದ್ದರು.

ಮೇಲೆ ಕಾರು ನಿಲ್ಲಿಸಿದರೂ ಇನ್ನಾಸಪ್ಪ ನಂಬಲಿಲ್ಲ. ವೆಂಕಟಸುಬ್ಬಯ್ಯನವರು ತಮ್ಮ ಬಿಳಿ ಕರವಸ್ತ್ರ ತೆಗೆದು, ಬಗ್ಗಿ, ತಾವೇ ಹೊಗೆಕೊಳವೆಗೆ ಹಿಡಿದರು. ಎಂಜಿನ್ನು ಓಡುತ್ತಿತ್ತು. ಬಟ್ಟೆಯ ಮೇಲೆ ಒಣ ಮಸಿ ಕೂತಿತು, ಎಣ್ಣೆಯ ಒಂದು ಚುಕ್ಕೆಯೂ ಇಲ್ಲ. ಅವರು ಅದನ್ನು ಬಹಳ ಹೊತ್ತು ನೋಡಿ, ಮಡಿಸಿ, ಜೇಬಿಗೆ ಇಟ್ಟುಕೊಂಡರು. "ರೈಲಿನವರಿಗೆ ಬೇಡ ಅಂತ ಹೇಳಿ ಕಳಿಸ್ತೀನಿ. ತಪ್ಪು ನಮ್ಮ ಮನೆಯದು, ಇನ್ನಾಸಪ್ಪನವರೇ."

"ಹಾಗಾದ್ರೆ ನಾನು ಆರತಿ ಎತ್ತಿದ್ದು?" ಅಂದರು ಗಿರಿಜಾಂಬಾ.

"ಆರತಿ ಏನೂ ಮಾಡ್ಲಿಲ್ಲಮ್ಮ. ಓಡೋದನ್ನ ನಿಲ್ಸಿ ಎತ್ತಿದ್ರಿ, ಅಷ್ಟೇ. ಇನ್ನೂ ನಾನೂರ ಅರವತ್ತು ಮೈಲಿ ಅದೆ ಸ್ವಾಮಿ, ಮೂವತ್ತರ ಮೇಲೆ ಬೇಡ."

ಇಷ್ಟು ಹೇಳಿ ದೂರದ ಬಂಡೆಯ ಹತ್ತಿರ ಹೋಗಿ ಬೀಡಿ ಬಾಯಿಗಿಟ್ಟ. ಕಡ್ಡಿ ಗೀರಿದ, ಮುರಿಯಿತು. ಇನ್ನೊಂದು ಗೀರಿದ, ಅದೂ ಮುರಿಯಿತು. ಸವರಿಯಮ್ಮ ಹಿಂದೆಯೇ ಹೋಗಿ ಬೆಂಕಿಪೊಟ್ಟಣ ಕಿತ್ತುಕೊಂಡು, ಸೆರಗು ಮರೆಮಾಡಿ, ತಾನೇ ಕಡ್ಡಿ ಗೀರಿ ಹಿಡಿದಳು.