ಗ್ರಂಥಪಾಲಕಿ ಹುಡುಕಿದ ಕಲ್ಲು

ಮೊನ್ನೆ ಪಕ್ಕದ ಮನೆಯವರು ಗಾಳಿಪಟಕ್ಕೆಂದು ಮೈದಾ ಅಂಟು ಕಾಯಿಸುತ್ತಿದ್ದರು. ಆ ವಾಸನೆಗೆ ನಮ್ಮ ಗ್ರಂಥಪಾಲಕಿಯ ನೆನಪು ಬಂತು.

ಯಲಹಂಕದ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಅವರು ವಿಜಯಪುರದ ಕಡೆಯಿಂದ ಬಂದವರು. ನಾನು ಫ್ಯಾಕ್ಟರಿ ಪಾಳಿ ಮುಗಿಸಿ ಪೇಪರ್ ಓದಲು ಹೋಗುತ್ತಿದ್ದವನು. ಈ ಸುತ್ತಿನ ಪಾಳೇಗಾರರ ಕಾಲದ ಕಾದಂಬರಿಯೊಂದನ್ನು ಅವರೇ ನನ್ನ ಕೈಗಿಟ್ಟರು. ಗಂಡ ಯುದ್ಧದಲ್ಲಿ ಮಡಿದ ಮೇಲೆ ಚಿತೆ ಏರಿದ ಹೆಣ್ಣೊಬ್ಬಳ ಕಥೆ. ಕೆರೆಯ ಹಿಂದಿನ ಹೊಲದಲ್ಲಿ ಅವಳ ನೆನಪಿಗೆ ಮಾಸ್ತಿಕಲ್ಲು ನಿಲ್ಲಿಸುವಲ್ಲಿಗೆ ಅದು ಮುಗಿಯುತ್ತಿತ್ತು.

"ಕೆರಿ ಅಂತೂ ಅದ. ಕಲ್ಲೂ ಇರಬೇಕಲ್ರೀ ಸರ್," ಎಂದರು.

ಇತ್ತು. ಭಾನುವಾರಗಳಲ್ಲಿ ಅಲೆದು ಹುಡುಕಿದಾಗ, ಒಂದು ದನದ ಕೊಟ್ಟಿಗೆಯ ಹಿಂದೆ ಸಿಕ್ಕಿತು. ಬಳೆ ತೊಟ್ಟು ಮೇಲೆತ್ತಿದ ಕೈ, ಅದರ ಮೇಲೆ ಹಸಿ ಅರಿಶಿನ... ಅವರು ಚಪ್ಪಲಿ ಬಿಟ್ಟು ಫೋಟೊ ತೆಗೆದರು.

ಆಮೇಲೆ ಗ್ರಂಥಾಲಯದಲ್ಲೊಂದು ಪ್ರದರ್ಶನ ಏರ್ಪಡಿಸಿದರು. ಕಾದಂಬರಿಯ ಸಾಲುಗಳ ಪಕ್ಕದಲ್ಲಿ ಕೆರೆಯ ತೂಬು, ಕೋಟೆಯ ಅಳಿದುಳಿದ ಗೋಡೆ, ಆ ಕಲ್ಲು, ಇವುಗಳ ಫೋಟೊಗಳು. ಅಂಟು ಕಾಯಿಸಿ ಎಲ್ಲವನ್ನೂ ತಾವೇ ಅಂಟಿಸಿದರು. ಜನ ಬಂದರು. ಕಲ್ಲಿದ್ದ ಜಮೀನಿನ ಯಜಮಾನರೂ ಬಂದರು. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಲು ಅವರು ಆಗಲೇ ಮಾತುಕತೆ ನಡೆಸಿದ್ದರು.

"ಮೇಡಂ, ನಾಳೆ ಹಳೇ ಕಾಲದ ಕಲ್ಲು ಅಂತ ಸರ್ಕಾರದೋರು ಬಂದು ಬೇಲಿ ಹಾಕುದ್ರೆ ನಾನೇನ್ ಮಾಡ್ಲಿ?"

"ಯಾರೂ ಬೇಲಿ ಹಾಕಂಗಿಲ್ರೀ. ನಿಮ್ಮ ಹೊಲದಾಗ ಎಂಥಾ ಕಲ್ಲು ಅದ ಅಂತ ನಾಕು ಮಂದಿಗೆ ಗೊತ್ತಾಗ್ತದ, ಅಷ್ಟ."

ಯಜಮಾನರು ಹೊರಟುಹೋದರು. ಆ ವಾರವೇ ಕಲ್ಲು ಮಾಯವಾಯಿತು. ನಾವು ಹೋಗಿ ನೋಡಿದಾಗ ಜೆಸಿಬಿ ತೋಡಿದ ಗುಂಡಿಯಷ್ಟೇ ಇತ್ತು. ಒಡೆದರೋ ಹೂತರೋ ಯಾರೂ ಬಾಯಿಬಿಡಲಿಲ್ಲ.

"ನಾ ತೋರಿಸದಿದ್ರ ಅದು ಅಲ್ಲೇ ಇರ್ತಿತ್ತು," ಎಂದರು ಗ್ರಂಥಪಾಲಕಿ.

ಪ್ರದರ್ಶನ ಮುಗಿಯುವ ದಿನ ಯಜಮಾನರ ತಾಯಿ ಬಂದರು. ಕಲ್ಲಿನ ಫೋಟೊದ ಮುಂದೆ ನಿಂತು ಕೈ ಮುಗಿದರು.

"ಮದ್ವೆಯಾಗಿ ಬಂದಾಗ್ಲಿಂದ ಈಯಮ್ಮುಂಗೆ ಅರಿಸ್ಣ ಇಕ್ತಿದ್ದೆ ಕಣವ್ವ. ನನ್ ಮಗ ಇಂಗ್ ಮಾಡ್ಬುಟ್ಟ. ಈ ಪಟಾನಾರ ಕೊಡ್ತೀಯಾ?"

ಗ್ರಂಥಪಾಲಕಿ ಅಂಚು ಹರಿಯದಂತೆ ಅದನ್ನು ನಿಧಾನವಾಗಿ ಬಿಡಿಸಿ ಕೊಟ್ಟರು. ಮುದುಕಿ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ತಮಗೊಂದು ಪ್ರತಿ ಇಟ್ಟುಕೊಳ್ಳುವ ಯೋಚನೆಯನ್ನೂ ಗ್ರಂಥಪಾಲಕಿ ಮಾಡಲಿಲ್ಲ. ಅಲ್ಲಿಂದಾಚೆ ಅವರು ಪ್ರದರ್ಶನದ ಮಾತೆತ್ತಿದ್ದು ನೆನಪಿಲ್ಲ. ನಿವೃತ್ತರಾಗಿ ಊರಿಗೆ ಹೋದರು. ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು...

ನಿನ್ನೆ ಆ ಕಾದಂಬರಿಯನ್ನು ಮತ್ತೆ ಎರವಲು ತಂದೆ. ಕೌಂಟರಿನಲ್ಲಿ ಈಗಿರುವ ಹುಡುಗಿ ಅದನ್ನು ಓದಿದ್ದಳಂತೆ.

"ಸರ್, ಆ ಕಲ್ಲು ನಿಜವಾಗ್ಲೂ ಇತ್ತಾ, ಇಲ್ಲಾ ಕಥೆಗೆ ಅಂತ ಬರ್ದಿದ್ದಾ?"

"ಇತ್ತಮ್ಮ. ನಾವು ನೋಡಿದ್ವಿ," ಎಂದೆ.

ನಾವು ಎಂದರೆ ಯಾರು ಯಾರು ಎಂದು ಅವಳು ಕೇಳಲಿಲ್ಲ.